ಬಾಯಿಗೆ ನೀರು ಬಿಡುವವರು

ನಮ್ಮ ಮೂಡಲಗಿ ಕಡೆ ಹಿಂದೆಲ್ಲ ದವಾಖಾನೆಯಲ್ಲಿ ಜೀವ ಹೋದರೆ ಮನೆತನಕ್ಕೇ ಕುಂದು. ಡಾಕ್ಟರು ಕೈಚೆಲ್ಲಿದ ಕೂಡಲೇ ಚಕ್ಕಡಿ ಹೂಡಿ ಊರಿಗೆ ತರುತ್ತಿದ್ದರು. ಪಡಸಾಲೆಯಲ್ಲಿ ಹಾಸಿಗೆ, ಹಣೆಗೆ ವಿಭೂತಿ, ಕಟ್ಟೆಯ ಮೇಲೆ ರಾತ್ರಿಯಿಡೀ ಭಜನೆ. ಸಾಯುವವರ ಬಳಿ ಕೂಡುವ ವಿದ್ಯೆ ಓಣಿಯ ಮುದುಕಿಯರದು. ನರ್ಸಿಂಗ್ ಕಲಿಯುವ ಮೊದಲೇ ನಾನದನ್ನು ಕಂಡಿದ್ದೆ.

ದೊಡ್ಡ ದವಾಖಾನೆ ಎಂದರೆ ಮಿರಜ. ಅಲ್ಲಿ ಡಾ. ವಾನ್ಲೆಸ್ 1894ರಲ್ಲಿ ಮಿಷನ್ ಆಸ್ಪತ್ರೆ ತೆರೆದಿದ್ದರು. ನಮ್ಮವರು ಘಟಪ್ರಭಾದಲ್ಲಿ ರೈಲು ಹತ್ತುತ್ತಿದ್ದರು. 1929ರಲ್ಲಿ ಘಟಪ್ರಭಾದಲ್ಲೇ ಕರ್ನಾಟಕ ಆರೋಗ್ಯ ಧಾಮ ಹುಟ್ಟಿತು. ಕ್ಷಯಕ್ಕೆ ಆಗ ಗಾಳಿ, ಹಾಲು, ವಿಶ್ರಾಂತಿಯೇ ಮದ್ದು. ಸ್ಟ್ರೆಪ್ಟೊಮೈಸಿನ್ ಪತ್ತೆಯಾದದ್ದೇ 1943ರಲ್ಲಿ. ನಮಗೆ ಕಲಿಸಿದ ಹಿರಿಯ ಬಾಯಾರೊಬ್ಬರು ಅನ್ನುತ್ತಿದ್ದರು: "ಔಷಧ ಇರಲಿಲ್ಲವಾ, ನಾವ ಇರತಿದ್ವಿ."

ಇಂಜೆಕ್ಷನ್ ಬಂದು ಜನ ಬದುಕಿದರು; ಅದಕ್ಕೆ ಹಳಹಳಿಸುವವಳಲ್ಲ ನಾನು. ಆದರೆ ಚಾರ್ಟು ತುಂಬುವ ಕೆಲಸ ಬೆಳೆದಂತೆ ಮಂಚದ ಪಕ್ಕದ ಸ್ಟೂಲು ಖಾಲಿಯಾಯಿತು.

ಒಂದು ತಿಕ್ಕಾಟ ಮಾತ್ರ ವಾರ್ಡಿನಲ್ಲಿ ಮುಗಿದಿಲ್ಲ. ಕೊನೆಗಾಲಕ್ಕೆ ಮಗ ಬಾಯಿಗೆ ನೀರು ಬಿಡಬೇಕೆಂಬುದು ಮನೆಯವರ ನಂಬಿಕೆ. ನುಂಗುವ ಶಕ್ತಿ ಹೋದವರಿಗೆ ಅದೇ ನೀರು ಶ್ವಾಸನಾಳಕ್ಕಿಳಿದು ಉಸಿರು ಕಟ್ಟುತ್ತದೆ. ಬೈದು ಲೋಟ ಕಸಿಯುವ ನರ್ಸುಗಳನ್ನು ನೋಡಿದ್ದೇನೆ. ನಾನು ಅರಳೆ ನೆನೆಸಿ, ಹಿಂಡಿ, ಮಗನ ಕೈಗೇ ಕೊಡುತ್ತಿದ್ದೆ: "ತುಟಿಗೆ ಹಚ್ಚಪ್ಪಾ, ಇದೂ ನೀರ ಬಿಟ್ಟಂಗ." ಗಂಟಲು ಗೊರಗುಟ್ಟಿದರೆ ಮಗ್ಗುಲಾಗಿಸಿ, ಆ ಸದ್ದು ಏಕೆಂದು ಮನೆಯವರಿಗೆ ತಿಳಿಹೇಳುತ್ತಿದ್ದೆ. ನಿಂತು ಮಾತಾಡಬಾರದು, ರೋಗಿಯ ಕಣ್ಣಿಗೆ ನಮ್ಮ ಕಣ್ಣು ಸಮನಾಗುವಂತೆ ಕೂಡಬೇಕು. ಕೊನೆಗಾಲದಲ್ಲಿದ್ದ ಹುಕ್ಕೇರಿ ಕಡೆಯ ಯಜಮಾನರೊಬ್ಬರು "ಕಬ್ಬ ಕಡಿಯೋ ಗ್ಯಾಂಗ್ ಬಂತೇನ್ರಿ ಬಾಯಾರ?" ಎಂದೇ ಕೇಳುತ್ತಿದ್ದರು. ನಾನು ಸುಳ್ಳು ಹೇಳದೆ ಮಗನನ್ನು ಕರೆದು ಕೂರಿಸಿದೆ. ಅವರಿಗೆ ಬೇಕಿದ್ದದ್ದು ಹೊಲದ ಸುದ್ದಿ. ದೇವರ ಹೆಸರನ್ನು ಅವರು ಎತ್ತಲೇ ಇಲ್ಲ.

ಸಾಯುವವರ ಆರೈಕೆಗೆಂದೇ ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ತೆರೆದ ಸಿಸಿಲಿ ಸಾಂಡರ್ಸ್ ಮೊದಲು ನರ್ಸೇ. ಅಂಥದ್ದೇ ಆದ ಬೆಂಗಳೂರಿನ ಕರುಣಾಶ್ರಯ 1999ರಿಂದ ಇದೆ. ನಮ್ಮ ಗೋಕಾಕದಿಂದ ಅದು 500 ಕಿಲೋಮೀಟರಿಗೂ ದೂರ. ಸಾಯುವವರನ್ನು ಅಷ್ಟು ದೂರ ಒಯ್ಯುವವರು ಯಾರು?

ಗುಣವಾಗುವ ಭರವಸೆಯಿಲ್ಲದ ರೋಗಿಗಳ ಜೀವ ಹಿಡಿದಿಟ್ಟ ಯಂತ್ರ ತೆಗೆಯಲು ದಾರಿ ತೋರುವ ಆದೇಶವನ್ನು ನಮ್ಮ ಸರಕಾರ 2025ರ ಜನವರಿಯಲ್ಲಿ ಹೊರಡಿಸಿತು. ಒಳ್ಳೆಯದೇ. ಯಂತ್ರ ತೆಗೆದ ಮೇಲೆ ಪಕ್ಕದಲ್ಲಿ ಕೂಡಲು ಜನ ಬೇಕಲ್ಲ? ಗೋಕಾಕ, ಮೂಡಲಗಿ, ಹುಕ್ಕೇರಿಯ ಸರಕಾರಿ ದವಾಖಾನೆಗಳ ರಾತ್ರಿ ಪಾಳಿಗೆ ಇನ್ನೊಬ್ಬ ನರ್ಸನ್ನು ಕೊಡಿ.