ಡಬ್ಬಾ ಮಾನಿಟರ್ ಸೋತದ್ದು ಆಟದಲ್ಲಲ್ಲ

ಥಾಣೆ ಖಾಡಿಯ ಪೂರ್ವ ದಡದಲ್ಲಿರುವ ಐರೋಲಿಗೆ ಮುಲುಂಡ್ ಕಡೆಯಿಂದ ಸೇತುವೆ ಬಂದದ್ದು 1999ರಲ್ಲಿ. ಥಾಣೆಯಿಂದ ಲೋಕಲ್ ರೈಲು ಓಡತೊಡಗಿದ್ದು 2004ರಲ್ಲಿ. ಸಿಡ್ಕೋ ಕಟ್ಟಿದ ಸಣ್ಣ ಮನೆಗಳಿಗೆ ಕಂಪ್ಯೂಟರು ಬರತೊಡಗಿದ್ದೂ ಹೆಚ್ಚುಕಡಿಮೆ ಇದೇ ಕಾಲದಲ್ಲಿ. ಅಪ್ಪ ಅಮ್ಮ ಕೊಡಿಸುತ್ತಿದ್ದದ್ದು ಮಕ್ಕಳ ಓದಿಗೆಂದು, ಮಕ್ಕಳು ಬಳಸುತ್ತಿದ್ದದ್ದು ಆಟಕ್ಕೆಂದು. ಅಂಗಡಿಯಲ್ಲಿ ನಿಂತಾಗ ಒಂದು ಪ್ರಶ್ನೆ ತಪ್ಪುತ್ತಿರಲಿಲ್ಲ: ಹಿಂದೆ ಗೂನು ಇರುವ ಹಳೆಯ ಡಬ್ಬಾ ಮಾನಿಟರೋ, ಹೊಸದಾಗಿ ಬಂದ ಚಪ್ಪಟೆ ಪರದೆಯೋ? ಬೆಂಗಳೂರಿನ ಎಸ್.ಪಿ. ರೋಡಿನಲ್ಲೂ ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಲ್ಲೂ ಪ್ರಶ್ನೆ ಒಂದೇ. ಕೊನೆಗೆ ಗೆದ್ದದ್ದು ಚಪ್ಪಟೆ ಪರದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಅದು ಗೆದ್ದ ಹೊತ್ತಿನಲ್ಲಿ ಆಟದ ಮಟ್ಟಿಗೆ ಹಳೆಯದೇ ಮೇಲಾಗಿತ್ತು.

ವಿಡಿಯೊ ಗೇಮಿಗೂ ಪಿಕ್ಚರ್ ಟ್ಯೂಬಿಗೂ ಹುಟ್ಟಿನಿಂದಲೇ ನಂಟು. ಈ ಕೊಳವೆಯನ್ನು 1897ರಲ್ಲಿ ರೂಪಿಸಿದವರು ಜರ್ಮನಿಯ ಕಾರ್ಲ್ ಫರ್ಡಿನಾಂಡ್ ಬ್ರೌನ್. 1958ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ವಿಲಿಯಂ ಹಿಗಿನ್‌ಬಾಥಮ್ ಅವರು ಆಸಿಲೋಸ್ಕೋಪಿನ ಇಂಥದೇ ಗಾಜಿನ ಮೇಲೆ ಟೆನಿಸ್ ಆಡಿಸಿದರು. 1962ರಲ್ಲಿ ಎಂಐಟಿಯ ಹುಡುಗರು ‘ಸ್ಪೇಸ್‌ವಾರ್’ ಆಡಿದ್ದೂ ಕೊಳವೆಯ ಪರದೆಯ ಮೇಲೆಯೇ. ನಮ್ಮಲ್ಲಿ ಬೆಂಗಳೂರಿನ ಬಿಇಎಲ್ ಕಪ್ಪು-ಬಿಳುಪು ಟಿವಿಗಳಿಗೆ ಪಿಕ್ಚರ್ ಟ್ಯೂಬ್ ತಯಾರಿಸುತ್ತಿತ್ತು. ಕಂಪ್ಯೂಟರ್ ಮಾನಿಟರಿನೊಳಗೆ ಇದ್ದದ್ದೂ ಇದೇ ಜಾತಿಯ ಕೊಳವೆ, ಇನ್ನಷ್ಟು ನಯಗೊಳಿಸಿದ್ದು.

ಅದು ಕೆಲಸ ಮಾಡುವ ಬಗೆ ಸರಳ. ಕೊಳವೆಯ ಹಿಂದಿನಿಂದ ಹೊರಟ ಎಲೆಕ್ಟ್ರಾನ್ ಕಿರಣ ಗಾಜಿನ ಒಳಮೈಗೆ ಸವರಿದ ಫಾಸ್ಫರಿನ ಮೇಲೆ ಸಾಲುಸಾಲಾಗಿ ಓಡುತ್ತದೆ. ಕಿರಣ ತಾಕಿದ ಚುಕ್ಕೆ ಫಕ್ಕನೆ ಬೆಳಗಿ, ಮಿಲಿಸೆಕೆಂಡುಗಳಲ್ಲಿ ಆರುತ್ತದೆ. 85 ಹರ್ಟ್ಜ್‌ಗೆ ಇಟ್ಟ ಮಾನಿಟರಿನಲ್ಲಿ ಸೆಕೆಂಡಿಗೆ 85 ಸಲ ಹೀಗೆ ಬೆಳಗುವುದು, ಆರುವುದು. ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಕತ್ತಲೆ ಇರುವುದರಿಂದ, ಓಡುವ ವಸ್ತುವನ್ನು ಹಿಂಬಾಲಿಸುವ ಕಣ್ಣಿಗೆ ಅದರ ಅಂಚು ಚೂಪಾಗಿಯೇ ಕಾಣುತ್ತದೆ.

ಎಲ್‌ಸಿಡಿಯ ಕಥೆ ಬೇರೆ. 1968ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿಯ ಜಾರ್ಜ್ ಹೈಲ್‌ಮೇಯರ್ ತಂಡ ಇದನ್ನು ಲೋಕಕ್ಕೆ ತೋರಿಸಿತು. 1970ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಶಾಟ್ ಮತ್ತು ಹೆಲ್ಫ್ರಿಶ್ ಇದಕ್ಕೆ ಇನ್ನೂ ಒಳ್ಳೆಯ ರೂಪ ಕೊಟ್ಟರು. ಕೈಗಡಿಯಾರ, ಕ್ಯಾಲ್ಕುಲೇಟರು, ಲ್ಯಾಪ್‌ಟಾಪುಗಳನ್ನು ದಾಟಿ ಅದು ಮೇಜಿನ ಮಾನಿಟರಿಗೆ ಬಂತು. ಇಲ್ಲಿ ಬೆಳಕು ಸದಾ ಹಿಂದಿನಿಂದ ಉರಿಯುತ್ತಲೇ ಇರುತ್ತದೆ. ಅದರ ಮುಂದಿನ ಹರಳುದ್ರವ ಹೊರಳಿ, ಬೆಳಕನ್ನು ಬಿಡುತ್ತದೆ ಇಲ್ಲವೇ ತಡೆಯುತ್ತದೆ. ಹೊರಳಲು ಸಮಯ ಬೇಕು. 2000ರ ದಶಕದ ಆರಂಭದ ಎಷ್ಟೋ ಎಲ್‌ಸಿಡಿ ಮಾನಿಟರುಗಳಿಗೆ ಅದು 25 ಮಿಲಿಸೆಕೆಂಡು. 60 ಹರ್ಟ್ಜ್‌ನಲ್ಲಿ ಹೊಸ ಚಿತ್ರ ಬರುವುದು ಸುಮಾರು 17 ಮಿಲಿಸೆಕೆಂಡಿಗೊಮ್ಮೆ. ಅಂದರೆ ಹಳೆಯ ಚಿತ್ರ ಪೂರ್ತಿ ಅಳಿಯುವ ಮೊದಲೇ ಹೊಸದು ಬಂದು ಕೂರುತ್ತಿತ್ತು, ಓಡುವವನ ಹಿಂದೆ ನೆರಳಿನಂಥ ಬಾಲ ಕಾಣುತ್ತಿತ್ತು.

ಇನ್ನೊಂದು ತೊಡಕು ಕಣ್ಣಿಗಿಂತ ಜೇಬಿಗೆ ತಾಕುವಂಥದ್ದು. 17 ಇಂಚಿನ ಎಲ್‌ಸಿಡಿಯಲ್ಲಿ ಅಡ್ಡಕ್ಕೆ 1280, ಉದ್ದಕ್ಕೆ 1024 ಚುಕ್ಕೆಗಳು ಖಾಯಂ. ಗ್ರಾಫಿಕ್ಸ್ ಕಾರ್ಡ್ ಸಾಧಾರಣದ್ದಾದರೆ ಆಟವನ್ನು 800x600ಕ್ಕೆ ಇಳಿಸಿಕೊಂಡು ಆಡುವುದು ಆಗಿನ ರೂಢಿ. ಡಬ್ಬಾ ಮಾನಿಟರು ಅದನ್ನೂ ಸ್ವಚ್ಛವಾಗಿಯೇ ತೋರಿಸುತ್ತಿತ್ತು. ಎಲ್‌ಸಿಡಿಯಲ್ಲಿ ಎಳೆದು ಹಿಗ್ಗಿಸಿದಂತೆ ಮಬ್ಬಾಗುತ್ತಿತ್ತು. ಹೀಗಾಗಿ ದುಬಾರಿ ಮಾನಿಟರ್ ಕೊಂಡವನು ಅದಕ್ಕೆ ತಕ್ಕ ದುಬಾರಿ ಕಾರ್ಡನ್ನೂ ಕೊಳ್ಳಬೇಕಿತ್ತು.

ಎಲ್ಲ ಆಟಕ್ಕೂ ಈ ಲೆಕ್ಕ ಒಂದೇ ಅಲ್ಲ. ‘ಏಜ್ ಆಫ್ ಎಂಪೈರ್ಸ್’ನಲ್ಲಿ ಹೊಲ ಉಳಿಸಿ ಕೋಟೆ ಕಟ್ಟುವವನಿಗೆ 25 ಮಿಲಿಸೆಕೆಂಡು ಲೆಕ್ಕಕ್ಕಿಲ್ಲ, ಅವನಿಗೆ ಎಲ್‌ಸಿಡಿಯ ಚೊಕ್ಕ ಅಕ್ಷರ, ಅಲುಗದ ಚಿತ್ರವೇ ಹಿತ. ‘ಕೌಂಟರ್-ಸ್ಟ್ರೈಕ್’ನಲ್ಲಿ ಬಾಗಿಲ ಮರೆಯಿಂದ ಹೊರಬರುವವನನ್ನು ಮೊದಲು ಕಂಡವನೇ ಬದುಕುತ್ತಾನೆ. ಹಣ ಇದ್ದೂ ಡಬ್ಬಾ ಮಾನಿಟರನ್ನೇ ಹಿಡಿದು ಕೂತವರಲ್ಲಿ ಎರಡನೆಯ ಜಾತಿಯ ಆಟಗಾರರೇ ಹೆಚ್ಚು.

ಹಾಗಿದ್ದೂ ಐರೋಲಿಯಂಥ ಕಡೆ ಆಟದ ಗುಣವೊಂದೇ ತೀರ್ಪು ಕೊಡುವಂತಿರಲಿಲ್ಲ. ಮೊದಲ ಅಡ್ಡಿ ಜಾಗ. ಒಂದೇ ಕೋಣೆ, ಒಂದು ಅಡುಗೆಮನೆಯ ಸಂಸಾರದಲ್ಲಿ ಒಂದೂವರೆ ಅಡಿ ಹಿಂದಕ್ಕೆ ಚಾಚುವ ಪೆಟ್ಟಿಗೆ ಮೇಜನ್ನಿಡೀ ನುಂಗುತ್ತಿತ್ತು. ಎರಡನೆಯದು ಭಾರ. 17 ಇಂಚಿನ ಸಿಆರ್‌ಟಿ ಮಾನಿಟರ್ ಸುಮಾರು 15 ಕಿಲೋ. ಅಷ್ಟೇ ಅಳತೆಯ ಎಲ್‌ಸಿಡಿ ಐದು ಕಿಲೋ ಆಸುಪಾಸು. ಲ್ಯಾಮಿಂಗ್ಟನ್ ರೋಡಿನಲ್ಲಿ ಕೊಂಡದ್ದನ್ನು ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ಹೊತ್ತು, ದಾದರಿನಲ್ಲಿ ಗಾಡಿ ಬದಲಿಸಿ, ಥಾಣೆಯಲ್ಲಿ ಇನ್ನೊಮ್ಮೆ ಬದಲಿಸಿ ತರಬೇಕು ಎಂದರೆ ಆ ಹತ್ತು ಕಿಲೋದ ವ್ಯತ್ಯಾಸ ಏನೆಂದು ಲೋಕಲ್ ರೈಲಿನಲ್ಲಿ ಓಡಾಡುವವರಿಗೆ ಹೇಳಬೇಕಿಲ್ಲ.

ಮೂರನೆಯದು ಕರೆಂಟು. ಮುಂಬಯಿ ನಗರಕ್ಕೆ ಬೆಸ್ಟ್, ಟಾಟಾದಂಥ ಬೇರೆ ಕಂಪನಿಗಳ ವಿದ್ಯುತ್ತು ಇತ್ತು, ಅಲ್ಲಿ ದೀಪ ಆರುವುದೇ ಅಪರೂಪ. ನವಿ ಮುಂಬಯಿ, ಥಾಣೆ, ಕಲ್ಯಾಣ್, ಡೊಂಬಿವಲಿಗಳಿಗೆ ರಾಜ್ಯ ವಿದ್ಯುತ್ ಮಂಡಳಿಯೇ ಗತಿ. 2005ರಲ್ಲಿ ಮಂಡಳಿ ಒಡೆದು ವಿತರಣೆಯ ಹೊಣೆ ಮಹಾವಿತರಣ ಕಂಪನಿಗೆ ಬಂತು. ಆ ವರ್ಷಗಳಲ್ಲಿ ಮಹಾರಾಷ್ಟ್ರದಲ್ಲಿ ಲೋಡ್ ಶೆಡ್ಡಿಂಗ್ ಜೋರಾಗಿತ್ತು. ಕಲ್ಯಾಣ್-ಡೊಂಬಿವಲಿಯವರಿಗೆ ಅದು ದಿನಚರಿಯ ಭಾಗವೇ ಆಗಿಹೋಗಿತ್ತು. ಸಿಆರ್‌ಟಿ ಸುಮಾರು 75 ವ್ಯಾಟ್ ಎಳೆದರೆ ಎಲ್‌ಸಿಡಿಗೆ ಅದರ ಅರ್ಧ ಸಾಕು. ಸಣ್ಣ ಯುಪಿಎಸ್‌ನ ಮೇಲೆ ಆ ಉಳಿತಾಯ ಎಂದರೆ ಆಟವನ್ನು ಸೇವ್ ಮಾಡಿಕೊಳ್ಳಲು ಸಿಗುವ ಇನ್ನಷ್ಟು ನಿಮಿಷ. ಹತ್ತು ಮಾನಿಟರಿನ ಸೈಬರ್ ಕೆಫೆ ದಿನಕ್ಕೆ ಹನ್ನೆರಡು ಗಂಟೆ ತೆರೆದಿದ್ದರೆ ತಿಂಗಳಿಗೆ ಸುಮಾರು 140 ಯೂನಿಟ್ ಉಳಿತಾಯ. ಪೆಟ್ಟಿಗೆಗಳು ಉಗುಳುವ ಸೆಕೆ ಕಡಿಮೆಯಾದ ಲಾಭ ಬೇರೆ.

ಕೊನೆಯ ತೂಕ ಹಾಕಿದ್ದು ಆಫೀಸುಗಳು. ಥಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಗಳ ಸಾಲಿನಲ್ಲಿ ಐರೋಲಿಗೆ ಐಟಿ ಪಾರ್ಕುಗಳು ಬಂದವು. ಸಾವಿರಾರು ಮೇಜುಗಳಿಗೆ ಮಾನಿಟರ್ ಕೊಳ್ಳುವ ಕಂಪನಿಗೆ ಬೇಕಾದ್ದು ಜಾಗದ ಉಳಿತಾಯ, ಎಸಿ ಬಿಲ್ಲಿನ ಉಳಿತಾಯ. ಓಡುವ ಶತ್ರುವಿನ ಅಂಚು ಚೂಪಾಗಿದೆಯೇ ಎಂಬುದಲ್ಲ. ಜಗತ್ತಿನಾದ್ಯಂತ ಇದೇ ನಡೆದು, 2000ರ ದಶಕದ ನಡುವಿಗೆ ಎಲ್‌ಸಿಡಿಯ ಮಾರಾಟ ಸಿಆರ್‌ಟಿಯನ್ನು ದಾಟಿತು. ಬೇಡಿಕೆ ಬೆಳೆದಂತೆ ಬೆಲೆ ಇಳಿಯಿತು. ಕೊಳವೆಯ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಆಮೇಲೆ ಆಟಗಾರನಿಗೆ ಆಯ್ಕೆಯೇ ಉಳಿಯಲಿಲ್ಲ.

ಕಳಕೊಂಡದ್ದನ್ನು ಮರಳಿ ಪಡೆಯಲು ವರ್ಷಗಳೇ ಹಿಡಿದವು. 120 ಹರ್ಟ್ಜ್‌ನ ಎಲ್‌ಸಿಡಿ ಮಾನಿಟರು ಮನೆಬಳಕೆಗೆ ಬಂದದ್ದು 2009ರಲ್ಲಿ, ಸ್ಯಾಮ್‌ಸಂಗ್ 2233ಆರ್‌ಝಡ್‌ನಂಥ ಮಾದರಿಗಳ ಮೂಲಕ. ಮರುವರ್ಷ ಬೆನ್‌ಕ್ಯೂ ಕಂಪನಿ ‘ಕೌಂಟರ್-ಸ್ಟ್ರೈಕ್’ನ ವೃತ್ತಿಪರ ಆಟಗಾರರ ಸಲಹೆ ಪಡೆದು ಎಕ್ಸ್‌ಎಲ್2410ಟಿ ತಂದಿತು. ಮುಂದೆ ಹಿಂಬೆಳಕನ್ನೇ ಆರಿಸಿ ಹೊತ್ತಿಸುವ ಉಪಾಯ ಬಂತು. ಕೊಳವೆಯಲ್ಲಿ ತಾನಾಗಿಯೇ ಇದ್ದ ಕತ್ತಲೆಯನ್ನು ಎಂಜಿನಿಯರುಗಳು ದುಡ್ಡು ಸುರಿದು ಮತ್ತೆ ಕಟ್ಟಿದರು. ಈಚಿನ ಓಎಲ್‌ಇಡಿ ಪರದೆಯ ಚುಕ್ಕೆಗಳು ಒಂದು ಮಿಲಿಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ ಬಣ್ಣ ಬದಲಿಸುತ್ತವೆ. ಅಷ್ಟಾದರೂ 2001ರ ‘ಸೂಪರ್ ಸ್ಮ್ಯಾಶ್ ಬ್ರದರ್ಸ್ ಮೆಲೇ’ ಆಡುವ ಪಂದ್ಯಗಳಿಗೆ ಇಂದಿಗೂ ಹಳೆಯ ಟಿವಿಗಳನ್ನು ಹೊತ್ತು ತರುವವರಿದ್ದಾರೆ.

ಮನೆಗಳಿಂದ ಹೊರಬಿದ್ದ ಡಬ್ಬಾಗಳು ಹೋದದ್ದು ಗುಜರಿಗೆ, ಮುಂಬಯಿ ಮಾತಿನಲ್ಲಿ ಭಂಗಾರಿನವನ ಗಾಡಿಗೆ. ಅವನಿಗೆ ಬೇಕಾದ್ದು ಒಳಗಿನ ತಾಮ್ರ. ಉಳಿಯುವುದು ಗಾಜು, ಬಣ್ಣದ ಕೊಳವೆಯ ಹಿಂಬದಿಯ ಗಾಜಿನಲ್ಲಿ ಸೇಕಡಾ 20ಕ್ಕೂ ಹೆಚ್ಚು ಸೀಸದ ಆಕ್ಸೈಡ್ ಇರುತ್ತದೆ. ಎಕ್ಸ್-ಕಿರಣ ಹೊರಬರದಂತೆ ಆಡುವವರನ್ನು ಕಾದದ್ದು ಅದೇ ಸೀಸ. ಒಡೆದು ಬೀದಿಗೆ ಬಿದ್ದರೆ ಮಣ್ಣಿಗೂ ನೀರಿಗೂ ವಿಷ. ಬೆಂಗಳೂರಿನ ಆಚೆ ಡಾಬಸ್‌ಪೇಟೆಯಲ್ಲಿ ಇ-ಪರಿಸರದಂಥ ಘಟಕ 2005ರಲ್ಲೇ ಶುರುವಾಗಿದ್ದರೂ, ದೇಶಕ್ಕೆ ಇ-ತ್ಯಾಜ್ಯದ ಪ್ರತ್ಯೇಕ ನಿಯಮ ಜಾರಿಗೆ ಬಂದದ್ದು 2012ರ ಮೇ ತಿಂಗಳಲ್ಲಿ. ಅಷ್ಟರೊಳಗೆ ಎಷ್ಟೋ ಮೇಜುಗಳ ಮೇಲಿನ ಡಬ್ಬಾ ಹೋಗಿ ಚಪ್ಪಟೆ ಪರದೆ ಬಂದಾಗಿತ್ತು. ಆಟಗಾರನನ್ನು ಕೇಳದೆ ನಡೆದ ಆ ಬದಲಾವಣೆಯಲ್ಲಿ ಗಾಜು ಆಯುವವನನ್ನಂತೂ ಯಾರೂ ಕೇಳಿರಲಿಲ್ಲ.