ತಲೆ ಉಬ್ಬಿದ ಕೆಪಾಸಿಟರ್‌ಗಳು

ಕಂಪ್ಯೂಟರಿನ ಮದರ್‌ಬೋರ್ಡನ್ನು ನೀವು ನೋಡಿರಬಹುದು. ಅದರ ಮೇಲೆ, ಪ್ರೊಸೆಸರ್‌ನ ಪಕ್ಕದಲ್ಲಿ, ಪುಟ್ಟ ಡಬ್ಬಿಗಳಂತೆ ಸಾಲಾಗಿ ನಿಂತಿರುವವು ಕೆಪಾಸಿಟರ್‌ಗಳು, ಅಂದರೆ ಧಾರಕಗಳು. ಪ್ರೊಸೆಸರ್‌ಗೆ ಹೋಗುವ ವೋಲ್ಟೇಜಿನ ಏರಿಳಿತಗಳನ್ನು ಸರಿದೂಗಿಸುವುದು ಇವುಗಳ ಕೆಲಸ. ಹಲವು ವರ್ಷ ಬಾಳಬೇಕಾದ ಈ ಬಿಡಿಭಾಗಗಳು 2002ರ ಸುಮಾರಿಗೆ ಅನೇಕ ದೇಶಗಳಲ್ಲಿ ಒಂದೆರಡು ವರ್ಷಗಳಲ್ಲೇ ತಲೆ ಉಬ್ಬಿಸಿಕೊಂಡು, ಕಂದು ದ್ರವ ಒಸರಿ ಕೆಡತೊಡಗಿದವು. ಏಕೆ?

ಇಂಥ ಧಾರಕದ ಮೂಲ ಕಲ್ಪನೆ ಹಳೆಯದು. ಅಲ್ಯೂಮಿನಿಯಮ್ ಫಲಕಗಳಿರುವ ದ್ರವ ಧಾರಕದ ಪೇಟೆಂಟಿಗಾಗಿ ಪೋಲೆಂಡ್ ಮೂಲದ ಕರೋಲ್ ಪೊಲ್ಲಾಕ್ 1896ರಲ್ಲಿ ಅರ್ಜಿ ಸಲ್ಲಿಸಿದ್ದರು. ಅಲ್ಯೂಮಿನಿಯಮ್ ಹಾಳೆಯ ಮೇಲೆ ಬೆಳೆಸಿದ ತೆಳು ಆಕ್ಸೈಡ್ ಪದರವೇ ಇದರಲ್ಲಿ ಅವಾಹಕ. ಅದರ ದಪ್ಪ ಪ್ರತಿ ವೋಲ್ಟ್‌ಗೆ ಒಂದೂವರೆ ನ್ಯಾನೊಮೀಟರ್‌ಗಿಂತ ಹೆಚ್ಚಿಲ್ಲ. ಇಂದಿನ ಧಾರಕಗಳಲ್ಲಿ ಕಾಗದಕ್ಕೆ ಹೀರಿಸಿದ ವಿದ್ಯುದ್ವಿಭಾಜ್ಯವು ಎರಡನೆಯ ಫಲಕದ ಪಾತ್ರ ವಹಿಸುತ್ತದೆ. ಸವೆದ ಆಕ್ಸೈಡನ್ನು ಆಗಿಂದಾಗ್ಗೆ ಸರಿಪಡಿಸುವುದೂ ಅದೇ.

1990ರ ದಶಕದ ಕೊನೆಗೆ ಪ್ರೊಸೆಸರ್‌ಗಳು ಕಡಿಮೆ ವೋಲ್ಟೇಜಿನಲ್ಲಿ ಹತ್ತಾರು ಆಂಪಿಯರ್ ವಿದ್ಯುತ್ ಬೇಡತೊಡಗಿದವು. ಇದಕ್ಕೆ ಆಂತರಿಕ ರೋಧ ಕಡಿಮೆಯಿರುವ ಧಾರಕಗಳು ಅಗತ್ಯವಾದವು. ದ್ರವದಲ್ಲಿ ನೀರಿನ ಪ್ರಮಾಣ ಹೆಚ್ಚಿಸಿದರೆ ರೋಧ ತಗ್ಗುತ್ತದೆ, ಖರ್ಚೂ ಇಳಿಯುತ್ತದೆ. ಆದರೆ ನೀರು ಅಲ್ಯೂಮಿನಿಯಮಿನ ಗೆಳೆಯನಲ್ಲ. ಎರಡೂ ವರ್ತಿಸಿದಾಗ ಅಲ್ಯೂಮಿನಿಯಮ್ ಹೈಡ್ರಾಕ್ಸೈಡ್ ಮತ್ತು ಹೈಡ್ರೊಜನ್ ಅನಿಲ ಉಂಟಾಗುತ್ತವೆ. ಈ ವರ್ತನೆಯನ್ನು ತಡೆಯುವ ಪ್ರತಿಬಂಧಕಗಳನ್ನು ಬೆರೆಸಿ ಜಪಾನಿನ ತಯಾರಕರು ಸಮಸ್ಯೆ ಬಗೆಹರಿಸಿದ್ದರು.

ಕೆಟ್ಟ ಧಾರಕಗಳಲ್ಲಿ ಹೆಚ್ಚಿನವು ತೈವಾನ್ ಮೂಲದವು. ಅವುಗಳ ದ್ರವವನ್ನು ವಿಶ್ಲೇಷಿಸಿದಾಗ, ಆಕ್ಸೈಡನ್ನು ಕಾಪಾಡಬೇಕಿದ್ದ ಫಾಸ್ಫೇಟ್‌ನಂಥ ಘಟಕಗಳ ಕೊರತೆ ಕಂಡುಬಂತು. ಹೈಡ್ರೊಜನ್ ಒಳಗೇ ಸೇರಿ ಒತ್ತಡ ಏರಿತು, ಡಬ್ಬಿಯ ತಲೆ ಉಬ್ಬಿತು, ಕೊನೆಗೆ ದ್ರವ ಹೊರಬಂತು. ಜಪಾನಿನ ಸೂತ್ರವನ್ನು ಯಾರೋ ಅರ್ಧಂಬರ್ಧ ಕದ್ದು ನಕಲು ಮಾಡಿದರೆಂದು 2002-03ರಲ್ಲಿ ಪತ್ರಿಕೆಗಳು ವರದಿ ಮಾಡಿದವು. ಆ ಕಥೆ ರುಜುವಾತಾಗಲಿಲ್ಲ. ಆದರೆ ರಾಸಾಯನಿಕ ದೋಷ ಮಾತ್ರ ನಿಜ. 2005ರಲ್ಲಿ ಡೆಲ್ ಕಂಪನಿಯೊಂದೇ ದುರಸ್ತಿಗಾಗಿ 30 ಕೋಟಿ ಡಾಲರ್ ತೆಗೆದಿರಿಸಬೇಕಾಯಿತು.

ಒಳ್ಳೆಯ ಧಾರಕಕ್ಕೂ ಆಯುಸ್ಸಿನ ಮಿತಿಯಿದೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಇಳಿದರೆ ಬಾಳಿಕೆ ಸುಮಾರು ಇಮ್ಮಡಿಯಾಗುತ್ತದೆಂಬುದು ತಂತ್ರಜ್ಞರ ಲೆಕ್ಕ. 105 ಡಿಗ್ರಿಯಲ್ಲಿ 2,000 ಗಂಟೆ ಬಾಳುವ ಧಾರಕ 65 ಡಿಗ್ರಿಯಲ್ಲಿ 16 ಪಟ್ಟು, ಅಂದರೆ 32,000 ಗಂಟೆ ಬಾಳಬೇಕು. ಬಿಡುವಿಲ್ಲದೆ ನಡೆದರೂ ಇದು ಮೂರೂವರೆ ವರ್ಷಕ್ಕಿಂತ ಹೆಚ್ಚು. ಧೂಳು ಕಟ್ಟಿದ ಫ್ಯಾನ್ ಕಂಪ್ಯೂಟರಿನ ಆಯುಸ್ಸನ್ನು ಹೇಗೆ ಕಸಿಯುತ್ತದೆಂಬುದು ಇದರಿಂದ ಸ್ಪಷ್ಟ. ಮುಂದೆ, ದ್ರವದ ಬದಲು ವಾಹಕ ಪಾಲಿಮರ್ ಇರುವ ಘನ ಧಾರಕಗಳು ಮದರ್‌ಬೋರ್ಡುಗಳಲ್ಲಿ ಬಳಕೆಗೆ ಬಂದವು. ಇವುಗಳಲ್ಲಿ ಒಣಗುವ, ಸೋರುವ ದ್ರವವೇ ಇಲ್ಲ.

ಶಾಲೆಯ ಮೂಲೆಯಲ್ಲಿ ಹಳೆಯ ಮದರ್‌ಬೋರ್ಡ್ ಬಿದ್ದಿದ್ದರೆ ವಿದ್ಯಾರ್ಥಿಗಳಿಗೆ ಧಾರಕಗಳ ತಲೆಯನ್ನು ತೋರಿಸಿ. ಅಲ್ಲಿ ಉಬ್ಬು ಕಂಡರೆ, ಅದು ಪಠ್ಯಪುಸ್ತಕದ ಒಂದು ಸಮೀಕರಣ ಬಿಟ್ಟುಹೋದ ಗುರುತು. ಮಿಶ್ರಣದಲ್ಲಿ ಯಾವುದು ಏಕಿದೆ ಎಂದು ತಿಳಿಯದೆ ಸೂತ್ರವನ್ನು ನಕಲಿಸಿದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠೋಪಕರಣ ಸಿಗಲಾರದು.