ಟೆಕ್ಸಸ್ ಮೈತಪಾಸಣೆ ಮಸೂದೆ (2011)

ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಮೈ ತಡವಿ ನೋಡುವ ಕೇಂದ್ರ ಸಿಬ್ಬಂದಿಯನ್ನು ರಾಜ್ಯದ ದಂಡಸಂಹಿತೆಗೆ ಒಳಪಡಿಸಲು ಅಮೆರಿಕದ ಟೆಕ್ಸಸ್‌ನಲ್ಲಿ ನಡೆದ ವಿಫಲ ಪ್ರಯತ್ನ. ಅಲ್ಲಿ ಈ ತಪಾಸಣೆಯ ಹೊಣೆ 2001ರ ನವೆಂಬರ್‌ನಲ್ಲಿ ಕಾಯ್ದೆಯ ಮೂಲಕ ಸ್ಥಾಪನೆಯಾದ ಸಾರಿಗೆ ಭದ್ರತಾ ಆಡಳಿತದ್ದು (ಟಿಎಸ್‌ಎ). 2009ರ ಕ್ರಿಸ್‌ಮಸ್ ದಿನ ಒಳಉಡುಪಿನಲ್ಲಿ ಸ್ಫೋಟಕ ಅಡಗಿಸಿಕೊಂಡಿದ್ದ ಪ್ರಯಾಣಿಕನೊಬ್ಬ ಡೆಟ್ರಾಯಿಟ್‌ಗೆ ಹೊರಟಿದ್ದ ವಿಮಾನವನ್ನು ಸ್ಫೋಟಿಸಲು ಯತ್ನಿಸಿದ್ದ. ಆ ಘಟನೆಯ ಬಳಿಕ ಬಿಗಿಗೊಂಡ ತಪಾಸಣೆ 2010ರ ಕೊನೆಯಲ್ಲಿ ಗುಪ್ತಾಂಗಗಳ ಆಸುಪಾಸಿಗೂ ವಿಸ್ತರಿಸಿದಾಗ ಜನ ಸಿಟ್ಟಿಗೆದ್ದರು. ಆ ಸಿಟ್ಟು ನ್ಯಾಯವಾದದ್ದೇ.

ಶಾಸಕ ಡೇವಿಡ್ ಸಿಂಪ್ಸನ್ ಮಂಡಿಸಿದ ಮಸೂದೆ 1937, ಅಪರಾಧ ನಡೆದಿದೆಯೆಂದು ನಂಬಲು ಸಾಕಷ್ಟು ಕಾರಣವಿಲ್ಲದೆ ಹಾಗೆ ಮುಟ್ಟುವುದನ್ನು ಅಪರಾಧವೆಂದಿತು. 2011ರ ಮೇ ತಿಂಗಳಲ್ಲಿ ಕೆಳಮನೆ ಅದನ್ನು ಅವಿರೋಧವಾಗಿ ಅಂಗೀಕರಿಸಿತು. ಆದರೆ ಮಸೂದೆ ಕಾನೂನಾದರೆ, ಸುರಕ್ಷತೆ ಖಾತ್ರಿಪಡಿಸಲಾಗದ ವಿಮಾನಗಳನ್ನು ರದ್ದುಪಡಿಸಬೇಕಾದೀತು ಎಂದು ಕೇಂದ್ರದ ವಕೀಲ ಜಾನ್ ಮರ್ಫಿ ಮೇ 24ರಂದು ಪತ್ರ ಬರೆದರು. ಮೇಲ್ಮನೆಯಲ್ಲಿ ಮಸೂದೆಯ ಹೊಣೆ ಹೊತ್ತಿದ್ದ ಡ್ಯಾನ್ ಪ್ಯಾಟ್ರಿಕ್ ಅದನ್ನು ಹಿಂಪಡೆದರು. ಚುನಾಯಿತ ಸದನವೊಂದನ್ನು ವಿಮಾನ ಸಂಚಾರ ನಿಲ್ಲಿಸುವ ಮಾತಿನಿಂದ ಮಣಿಸಿದ್ದು ಒಪ್ಪತಕ್ಕದ್ದಲ್ಲ.

ಕಾನೂನಿನ ಬಲ ಮಾತ್ರ ಕೇಂದ್ರದ ಕಡೆಗಿತ್ತು. ಸಂವಿಧಾನದ ಆರನೆಯ ವಿಧಿಯಂತೆ ಸಂಘರ್ಷದಲ್ಲಿ ಕೇಂದ್ರ ಕಾನೂನಿಗೇ ಮೇಲುಗೈ. ಕಾನೂನುಬದ್ಧ ಕರ್ತವ್ಯದಲ್ಲಿ ಅಗತ್ಯವೂ ಯುಕ್ತವೂ ಆದುದನ್ನು ಮಾಡಿದ ಕೇಂದ್ರಾಧಿಕಾರಿಯನ್ನು ರಾಜ್ಯ ದಂಡಿಸಲಾಗದೆಂದು 1890ರಲ್ಲೇ ನೀಗಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಹೀಗಾಗಿ ಪ್ರಯಾಣಿಕರಿಗೆ ಉಳಿದ ಗಟ್ಟಿ ಆಸರೆ, ಅಕಾರಣ ಶೋಧನೆಯನ್ನು ತಡೆಯುವ ನಾಲ್ಕನೆಯ ತಿದ್ದುಪಡಿ. ಆದರೆ ನಿಲ್ದಾಣದ ತಪಾಸಣೆಯನ್ನು ನ್ಯಾಯಾಲಯಗಳು ಆಡಳಿತಾತ್ಮಕ ಶೋಧನೆಯೆಂದು ಎಣಿಸಿ, ವಾರಂಟ್‌ನಿಂದ ವಿನಾಯಿತಿ ಕೊಟ್ಟಿವೆ.

ಜೂನ್‌ನ ವಿಶೇಷ ಅಧಿವೇಶನದಲ್ಲಿ ಮತ್ತೆ ಬಂದ ಮಸೂದೆ, ಸಡಿಲಗೊಂಡ ರೂಪದಲ್ಲೂ ಕಾನೂನಾಗಲಿಲ್ಲ.